ಆ್ಯಂಕರ್ ಅಂದರೆ ಏನು, ಹಿಂದಿಯಲ್ಲಿ ಏನಂತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಡಗಿನವನಲ್ಲ. ಇಂಗ್ಲಿಷ್, ಹಿಂದಿ, ಕನ್ನಡದ ನಡುವೆ ಅನುವಾದ ಮಾಡಿ ಹೊಟ್ಟೆ ಹೊರೆಯುವವನು. ಮನೆ ಸುರತ್ಕಲ್ ಕಡೆ, ಹಾಗಾಗಿ ಹಡಗುಗಳು ದಿನಾ ಕಣ್ಣಿಗೆ ಬೀಳುತ್ತವೆ, ಬಂದರಿನ ಕಾಗದಪತ್ರಗಳೂ ಆಗಾಗ ಕೈಗೆ ಬರುತ್ತವೆ. ಈ ಒಂದು ಪದದ ಬಗ್ಗೆ ನನಗೆ ಬಂದಷ್ಟು ಪ್ರಶ್ನೆ ಬೇರೆ ಯಾವುದರ ಬಗ್ಗೆಯೂ ಬಂದಿಲ್ಲ. ಮಾತಿನ ನಡುವೆ ಕೇಳಿದವರು, ಪತ್ರ ಬರೆದವರು, ಮಗುವಿನ ಹಿಂದಿ ಹೋಮ್‌ವರ್ಕ್‌ಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದವರು, ಎಲ್ಲರ ಪ್ರಶ್ನೆಗಳನ್ನೂ ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲಿಗೆ

ಆ್ಯಂಕರ್‌ಗೆ ಹಿಂದಿಯಲ್ಲಿ ಏನಂತಾರೆ? ಒಂದೇ ಪದದಲ್ಲಿ ಹೇಳಿ ಸಾಕು.

ಲಂಗರ್. ಪುಲ್ಲಿಂಗ. ಬರೆಯುವಾಗ ಲ ಅಕ್ಷರದ ಮೇಲೆ ಒಂದು ಬಿಂದು, ಆಮೇಲೆ ಗ, ಆಮೇಲೆ ರ, ಅಷ್ಟೇ. ಹಡಗು ಅಥವಾ ದೋಣಿ ನೀರಿನಲ್ಲಿ ನಿಂತ ಕಡೆಯೇ ನಿಲ್ಲಲಿ ಅಂತ ತಳಕ್ಕೆ ಇಳಿಬಿಡುವ ಭಾರದ ಕೊಕ್ಕೆ ಅದು. ಹೋಮ್‌ವರ್ಕ್‌ಗೆ ಇಷ್ಟು ಸಾಕು. ಕೆಲಸಕ್ಕೆ ಬೇಕು ಅನ್ನುವವರಿಗೆ ಸಾಲದು.

ಅಯ್ಯೋ, ಅದು ನಮ್ಮ ಲಂಗರು ತಾನೆ? ಹಿಂದಿಯವರು ಕನ್ನಡದಿಂದ ತಗೊಂಡ್ರಾ?

ಇಲ್ಲ, ಇಬ್ಬರೂ ಸಾಲ ತಂದದ್ದು ಒಂದೇ ಮನೆಯಿಂದ. ಲಂಗರ್ ಪಾರ್ಸಿ, ಅಂದರೆ ಪರ್ಷಿಯನ್ ಭಾಷೆಯ ಪದ. ಅದರಲ್ಲಿ ಆಶ್ಚರ್ಯ ಏನೂ ಇಲ್ಲ, ನಮ್ಮ ಕಡಲಿನ ಮಾತಿನಲ್ಲಿ ಅರ್ಧಕ್ಕರ್ಧ ಹೊರಗಿನಿಂದ ಬಂದದ್ದೇ. ಬಂದರು ಪಾರ್ಸಿ. ಚುಕ್ಕಾಣಿ ಅರಬ್ಬಿಯ ಸುಕ್ಕಾನ್. ಖಲಾಸಿಯೂ ಅರಬ್ಬಿ ಮೂಲದ್ದು. ಹಡಗಿನ ಒಡೆಯನಿಗೆ ಹೇಳುವ ನಾಖುದಾ ಪಾರ್ಸಿ. ಪಶ್ಚಿಮ ಕರಾವಳಿಗೂ ಅರಬ್ಬೀ ಸಮುದ್ರದ ಆಚೆ ದಡಕ್ಕೂ ಶತಮಾನಗಳ ವ್ಯಾಪಾರ ಇತ್ತು. ವಿಜಯನಗರದ ಸೈನ್ಯಕ್ಕೆ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು, ಕುದುರೆ ಜೊತೆಗೆ ಮಾತೂ ಇಳಿಯದೆ ಇರುತ್ತಾ? ನಾವು ಕೊನೆಗೊಂದು ಉ ಸೇರಿಸಿ ಲಂಗರು ಅಂದೆವು, ಅಲ್ಲಿಗೆ ಅದು ನಮ್ಮದೇ ಆಯಿತು.

ಸ್ಪೆಲಿಂಗ್‌ನಲ್ಲಿ ಸಿಎಚ್ ಇದೆಯಲ್ಲ, ಆ್ಯಂಚರ್ ಅನ್ನಬೇಕಲ್ವಾ?

ಬೇಡ. ಆ್ಯಂಕರ್ ಅಂತಲೇ ಹೇಳಿ. ಆ ಎಚ್ ಒಂದು ಹಳೇ ತಪ್ಪು. ಲ್ಯಾಟಿನ್‌ನಲ್ಲಿ ಪದ ಇದ್ದದ್ದು ಆಂಕೋರಾ, ಎಚ್ ಇಲ್ಲದೆ. ಮಧ್ಯಯುಗದಲ್ಲಿ ಯಾರೋ ಇದು ಗ್ರೀಕ್ ಪದ, ಎಚ್ ಇದ್ದರೆ ಚಂದ ಅಂತ ಸೇರಿಸಿದರು, ಇಂಗ್ಲಿಷಿನವರು ಅದನ್ನೇ ನಕಲು ಮಾಡಿದರು. ಮಕ್ಕಳು ಡಿಕ್ಟೇಷನ್‌ನಲ್ಲಿ ಇವತ್ತಿಗೂ ಅದಕ್ಕೆ ಮಾರ್ಕು ಕಳ್ಕೊಳ್ಳುತ್ತಿದ್ದಾರೆ.

ಲಂಗರು ಅಂದ್ರೆ ಚಿತ್ರದಲ್ಲಿ ಇರುತ್ತಲ್ಲ, ಹಾಗೇ ಇರುತ್ತಾ?

ಟೀ ಶರ್ಟಿನ ಮೇಲೆ, ನೌಕಾಪಡೆಯ ಲಾಂಛನದಲ್ಲಿ ಕಾಣುವುದು ಹಳೇ ಮಾದರಿ. ನಡುವೆ ಉದ್ದದ ಕಂಬ, ತುದಿಯಲ್ಲಿ ಬಳೆ, ಬಳೆಯ ಕೆಳಗೆ ಒಂದು ಅಡ್ಡ ದಂಡ, ಬುಡದಲ್ಲಿ ಎರಡೂ ಕಡೆ ಬಾಗಿದ ತೋಳು, ತೋಳಿನ ತುದಿಯಲ್ಲಿ ಗುದ್ದಲಿ ಬಾಯಿಯಂಥ ಹಲಗೆ. 2022ರಲ್ಲಿ ಬಂದ ಭಾರತೀಯ ನೌಕಾಪಡೆಯ ಹೊಸ ಧ್ವಜದಲ್ಲೂ ಅಶೋಕ ಸ್ತಂಭದ ಸಿಂಹಗಳು ಇಂಥ ಒಂದು ಲಂಗರಿನ ಮೇಲೆಯೇ ಕೂತಿವೆ.

ಈಗಿನ ದೊಡ್ಡ ಹಡಗಿನಲ್ಲಿ ಅಡ್ಡ ದಂಡ ಇರುವುದಿಲ್ಲ. ಅದು ಇದ್ದರೆ ಲಂಗರನ್ನು ಮೇಲೆಳೆದು ಹಡಗಿನ ಪಕ್ಕದ ತೂತಿನೊಳಗೆ ಸೇರಿಸಲು ಆಗಲ್ಲ. ಈಗಿನದ್ದರ ತೋಳುಗಳು ಕೀಲಿನ ಮೇಲೆ ತಿರುಗುತ್ತವೆ.

ನಮ್ಮ ಮೀನುಗಾರಿಕೆ ಬೋಟಿನ ಲಂಗರು ಬೇರೆಯೇ. ಮಲ್ಪೆಯ ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ಒಮ್ಮೆ ಹತ್ತಿರದಿಂದ ನೋಡಿದೆ. ನಾಲ್ಕು ಕಬ್ಬಿಣದ ಸರಳು ಬಗ್ಗಿಸಿ, ಒಂದೇ ಕಂಬಕ್ಕೆ ಬೆಸುಗೆ ಹಾಕಿದ್ದು, ಬಾವಿಗೆ ಬಿದ್ದ ಕೊಡಪಾನ ತೆಗೆಯಲು ಹಗ್ಗ ಕಟ್ಟಿ ಬಿಡುತ್ತಿದ್ದರಲ್ಲ ಆ ಪಾತಾಳಗರಡಿಯ ದೊಡ್ಡಣ್ಣನಂತೆ. ಒಂದು ಸರಳಿನ ತುದಿಗೆ ಹರಿದ ಬಲೆಯ ನೂಲು ಸುತ್ತಿಕೊಂಡು ಉಪ್ಪಿಗೆ ಗಟ್ಟಿಯಾಗಿತ್ತು. ಇದಕ್ಕೆ ಏನಂತೀರಿ ಅಂತ ಕೇಳಿದರೆ ಬೋಟಿನವರು ನನ್ನನ್ನು ವಿಚಿತ್ರವಾಗಿ ನೋಡಿ "ಆಂಕರ್" ಅಂದರು.

ಲಂಗೂರ್‌ಗೂ ಲಂಗರ್‌ಗೂ ಏನಾದ್ರೂ ಸಂಬಂಧ?

ಇಲ್ಲ. ಲಂಗೂರ್ ಕರಿ ಮೂತಿಯ ಮುಸುವ, ಅದು ಸಂಸ್ಕೃತದ ಲಾಂಗೂಲ, ಅಂದರೆ ಬಾಲದಿಂದ ಬಂದದ್ದು. ಫೋನಿನಲ್ಲಿ ಹಿಂದಿ ಟೈಪ್ ಮಾಡುವಾಗ ಮಾತ್ರ ಹುಷಾರು. ಒಂದು ಸ್ವರ ಜಾಸ್ತಿಯಾದರೆ ಹಡಗು ಕೋತಿಯನ್ನು ನೀರಿಗೆ ಇಳಿಸುತ್ತದೆ.

## ಹಿಂದಿಯಲ್ಲಿ ಬಳಸುವಾಗ

ಪದ ಗೊತ್ತಾಯ್ತು. ವಾಕ್ಯದಲ್ಲಿ ಹೇಗೆ? ಲಂಗರ್ ಕರ್ನಾ ಅಂದ್ರೆ ಆಗುತ್ತಾ?

ಆಗಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಇಂಗ್ಲಿಷಿನಲ್ಲಿ ಆ್ಯಂಕರ್ ವಸ್ತುವಿನ ಹೆಸರೂ ಹೌದು, ಕೆಲಸದ ಹೆಸರೂ ಹೌದು. ಹಿಂದಿಯಲ್ಲಿ, ಕನ್ನಡದಲ್ಲಿ ಹಾಗಿಲ್ಲ, ಜೊತೆಗೆ ಒಂದು ಕ್ರಿಯಾಪದ ಬೇಕೇ ಬೇಕು. ನಿಲ್ಲಿಸುವಾಗ ಲಂಗರ್ ಡಾಲ್ನಾ, ಹೊರಡುವಾಗ ಲಂಗರ್ ಉಠಾನಾ. ನಮ್ಮಲ್ಲಿ ಲಂಗರು ಹಾಕು, ಲಂಗರು ಎತ್ತು. ಹಡಗು ಲಂಗರು ಹಾಕಿತು ಅನ್ನಲು "ಜಹಾಜ್ ನೇ ಲಂಗರ್ ಡಾಲಾ". ಆ "ನೇ" ಬಿಡಬೇಡಿ, ಕನ್ನಡದವರು ಬಿಟ್ಟೇ ಬಿಡುತ್ತೇವೆ. ಹಡಗಿನ ಬದಲು ನಾವ್ ಅಂತ ಸ್ತ್ರೀಲಿಂಗ ಬಂದರೂ "ಡಾಲಾ" ಬದಲಾಗಲ್ಲ, ಯಾಕೆಂದರೆ ಅಲ್ಲಿ ಕ್ರಿಯಾಪದ ಲಂಗರಿನ ಮಾತು ಕೇಳುತ್ತದೆ, ದೋಣಿಯದ್ದಲ್ಲ.

ಲಂಗರು ಹಾಕುವ ಜಾಗಕ್ಕೆ ಹಿಂದಿಯಲ್ಲಿ ಲಂಗರಗಾಹ್ ಅಂತ ಚಂದದ ಪದ ಇದೆ. ಪದದ ಅರ್ಥ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು, ಅದರ ಜೊತೆ ಯಾವ ಕ್ರಿಯಾಪದ ಇದೆ ಅಂತ. ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ವೇ ಆ್ಯಂಕರ್ ಅಂತ ಬರುತ್ತಲ್ಲ, ಲಂಗರನ್ನ ತೂಕ ಮಾಡೋದು ಅಂತಾನಾ?

ಆ್ಯಪ್‌ಗಳು ಹಾಗೇ ಅಂದುಕೊಳ್ಳುತ್ತವೆ, ಪಾಪ. ಅಲ್ಲಿ ವೇ ಅಂದರೆ ಎತ್ತುವುದು. ಆ ಕ್ರಿಯಾಪದದ ಹಳೇ ಅರ್ಥ ಹೊರು, ಒಯ್ಯು, ಎತ್ತು. ತೂಕದ ಅರ್ಥ ಆಮೇಲೆ ಬಂತು, ತೂಗಬೇಕಾದರೆ ಮೊದಲು ಎತ್ತಬೇಕಲ್ಲ. ದಿನಬಳಕೆಯಲ್ಲಿ ಹಳೇ ಅರ್ಥ ಸವೆದು ಹೋಯಿತು, ಹಡಗಿನವರ ಬಾಯಲ್ಲಿ ಮಾತ್ರ ಉಳಿಯಿತು. ನಮ್ಮ ವಾಹನ, ವಹಿಸು ಬಂದ ಸಂಸ್ಕೃತದ ವಹ್ ಧಾತು ಕೂಡ ಇದೇ ಬೇರಿನದ್ದು, ವ್ಯಾಗನ್ ಸಹ. ಹಾಗಾಗಿ ಹಿಂದಿಗೆ ಲಂಗರ್ ಉಠಾನಾ, ಕನ್ನಡಕ್ಕೆ ಲಂಗರು ಎತ್ತುವುದು. ಇಂಗ್ಲಿಷಿನಲ್ಲಿ ಅವೇ (aweigh) ಅಂತ ಬಂದರೆ ಲಂಗರು ಆಗಷ್ಟೇ ತಳ ಬಿಟ್ಟು ಮೇಲೆದ್ದಿದೆ ಅಂತ ಅರ್ಥ. ದೂರ ಅನ್ನುವ ಇನ್ನೊಂದು ಅವೇ ಅಲ್ಲ ಅದು, ಸ್ಪೆಲಿಂಗ್ ನೋಡಿ.

ಗುರುದ್ವಾರದಲ್ಲಿ ಊಟ ಹಾಕ್ತಾರಲ್ಲ ಲಂಗರ್, ಅದೂ ಇದೇ ಪದಾನಾ? ಊಟಕ್ಕೂ ಹಡಗಿಗೂ ಏನು ಸಂಬಂಧ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಪಾರ್ಸಿಯಲ್ಲಿ ಲಂಗರ್ ಅನ್ನುವ ಒಂದೇ ಪದಕ್ಕೆ ಎರಡು ಅರ್ಥ. ಒಂದು ಹಡಗಿನ ಲಂಗರು, ಇನ್ನೊಂದು ಬಡವರಿಗೆ, ದಾರಿಹೋಕರಿಗೆ ಅನ್ನ ಹಾಕುವ ಜಾಗ. ಸೂಫಿಗಳ ಖಾನ್‌ಖಾಗಳಲ್ಲಿ, ಅಂದರೆ ಅವರ ಮಠಗಳಲ್ಲಿ, ಇಂಥ ಅಡುಗೆಮನೆ ಇರುತ್ತಿತ್ತು. ಗುರು ನಾನಕರ ಕಾಲದಿಂದ ಸಿಖ್ಖರಲ್ಲಿ ಅದು ದೊಡ್ಡ ಪದ್ಧತಿಯಾಗಿ ಬೆಳೆಯಿತು. ಎರಡನೇ ಗುರು ಅಂಗದರ ಹೆಂಡತಿ ಮಾತಾ ಖೀವಿ ಲಂಗರನ್ನು ಸ್ವತಃ ನಿಂತು ನಡೆಸಿದವರು. ಮೂರನೇ ಗುರು ಅಮರದಾಸರ ಕಾಲದಲ್ಲಂತೂ ಮೊದಲು ಸಾಲಿನಲ್ಲಿ ಕೂತು ಊಟ, ಆಮೇಲೆ ಗುರುಗಳ ಭೇಟಿ. ಜಾತಿ, ಅಂತಸ್ತು ಏನೇ ಇರಲಿ, ನೆಲದ ಮೇಲೆ ಒಂದೇ ಪಂಕ್ತಿ.

ಇದನ್ನು ನೋಡಲು ಅಮೃತಸರಕ್ಕೇ ಹೋಗಬೇಕಿಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ದಿನಾ ಲಂಗರ್ ಇದೆ. ಹಾಗಾಗಿ ಕರ್ನಾಟಕದ ಒಂದು ತುದಿಯಲ್ಲಿ ಲಂಗರ್ ಅಂದರೆ ರೊಟ್ಟಿ ದಾಲ್, ಇನ್ನೊಂದು ತುದಿಯಲ್ಲಿ ಲಂಗರು ಅಂದರೆ ಕಬ್ಬಿಣ. ಹಿಂದಿಯಲ್ಲಿ ಊಟದ್ದು ಲಂಗರ್ ಲಗಾನಾ, ಲಂಗರ್ ಛಕ್ನಾ. ಹಡಗಿನದ್ದು ಡಾಲ್ನಾ, ಉಠಾನಾ. ಮತ್ತೆ ಅದೇ ಮಾತು, ಕ್ರಿಯಾಪದ ನೋಡಿ.

ಟಿವಿ ಆ್ಯಂಕರ್‌ಗೆ ಲಂಗರ್ ಅನ್ನಬಹುದಾ?

ದಯವಿಟ್ಟು ಬೇಡ. ಹಿಂದಿಯಲ್ಲೂ ಅವರು ಏಂಕರ್, ಇಲ್ಲವೇ ಪ್ರಸ್ತೋತಾ. ಕನ್ನಡದಲ್ಲಿ ನಿರೂಪಕ, ನಿರೂಪಕಿ. ಹಗ್ಗಜಗ್ಗಾಟದಲ್ಲಿ ಹಗ್ಗವನ್ನು ಮೈಗೆ ಸುತ್ತಿಕೊಂಡು ಕಟ್ಟಕಡೆಗೆ ನಿಲ್ಲುವ ಗಟ್ಟಿ ಆಸಾಮಿಗೂ ಇಂಗ್ಲಿಷಿನಲ್ಲಿ ಆ್ಯಂಕರ್ ಅಂತಾರೆ, ರಿಲೇ ಓಟದಲ್ಲಿ ಕೊನೆಯವನಿಗೂ ಅದೇ. ಇಡೀ ತಂಡ ಯಾರ ಮೇಲೆ ನಿಂತಿದೆಯೋ ಅವರು. ಟಿವಿಯವರಿಗೂ ಹೆಸರು ಆ ದಾರಿಯಲ್ಲೇ ಅಂಟಿತು. ಕೆಲವು ಚರ್ಚಾ ಕಾರ್ಯಕ್ರಮ ನೋಡಿದರೆ ಹಗ್ಗಜಗ್ಗಾಟವೇ ಸರಿ ಅನ್ನಿಸುತ್ತದೆ, ಆ ಮಾತು ಬೇರೆ.

ಐಪಿಒ ಸುದ್ದಿಯಲ್ಲಿ ಆ್ಯಂಕರ್ ಇನ್ವೆಸ್ಟರ್, ಮೇಸ್ತ್ರಿ ಹೇಳೋ ಆ್ಯಂಕರ್ ಬೋಲ್ಟ್. ಇವಕ್ಕೆಲ್ಲ ಏನು ಮಾಡೋದು?

ಹಾಗೇ ಬಿಡಿ. ಷೇರು ಎಲ್ಲರಿಗೂ ತೆರೆಯುವ ಮುಂಚೆ ದೊಡ್ಡ ಮೊತ್ತ ಹಾಕುವ ಸಂಸ್ಥೆಗಳು ಆ್ಯಂಕರ್ ಇನ್ವೆಸ್ಟರ್, ಸೆಬಿ ಈ ವ್ಯವಸ್ಥೆ ತಂದದ್ದು 2009ರಲ್ಲಿ. ಹಿಂದಿ ಪೇಪರುಗಳು ಏಂಕರ್ ನಿವೇಶಕ್ ಅಂತ ಬರೆಯುತ್ತವೆ. ಬೋಲ್ಟ್ ಕೇಳಲು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಲಂಗರು ಬೋಲ್ಟ್ ಕೊಡಿ ಅಂದರೆ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ.

ಹಿಂದಿ ನಿಘಂಟಿನಲ್ಲಿ ಲಂಗರ್‌ಗೆ ಇನ್ನೂ ಏಳೆಂಟು ಅರ್ಥ ಇದೆಯಲ್ಲ, ಅದರಲ್ಲಿ ಯಾವುದು ಸರಿ?

ಎಲ್ಲವೂ. ತುಡುಗು ದನ ಓಡಿಹೋಗದಂತೆ ಅದರ ಕೊರಳಿಗೆ ಕಟ್ಟುವ ಮರದ ಕೊರಡು. ದಪ್ಪ ಕಬ್ಬಿಣದ ಸರಪಳಿ. ತೂಗಾಡುವ ಭಾರದ ವಸ್ತು, ಹಳೇ ಗಡಿಯಾರದ್ದಿರುತ್ತಲ್ಲ ಹಾಗೆ. ಹೆಂಗಸರ ಕಾಲಿನ ಬೆಳ್ಳಿ ಒಡವೆ. ಪೈಲ್ವಾನರ ಲಂಗೋಟಿ. ದರ್ಜಿ ಹಾಕುವ ಕಚ್ಚಾ ಹೊಲಿಗೆ ಕೂಡ. ಉತ್ತರದ ಹುಡುಗರು ಗಾಳಿಪಟದ ದಾರ ಕೆಡವಲು ನೂಲಿಗೆ ಕಲ್ಲು ಕಟ್ಟಿ ಎಸೆಯುವುದಕ್ಕೂ ಲಂಗರ್ ಅಂತಾರೆ. ಸಾಲಾಗಿ ಇಟ್ಟು ನೋಡಿದರೆ ಹೆಚ್ಚಿನವುಗಳಲ್ಲಿ ಒಂದು ಭಾರ ಇದೆ, ಇಲ್ಲಾ ಹಿಡಿದು ನಿಲ್ಲಿಸುವ ಕೆಲಸ ಇದೆ. ಕಚ್ಚಾ ಹೊಲಿಗೆಯೂ ಬಟ್ಟೆ ಜಾರದಂತೆ ಹಿಡಿಯುವುದೇ ತಾನೆ.

## ಹಡಗಿನ ಕಡೆಯಿಂದ

ಅಷ್ಟು ದೊಡ್ಡ ಹಡಗನ್ನ ಒಂದು ಕಬ್ಬಿಣದ ಕೊಕ್ಕೆ ಹೇಗ್ರೀ ಹಿಡಿದು ನಿಲ್ಲಿಸುತ್ತೆ? ಅಷ್ಟು ಭಾರ ಇರುತ್ತಾ?

ಭಾರದಿಂದ ಅಲ್ಲ. ಟೈಟಾನಿಕ್‌ನ ಅತಿ ದೊಡ್ಡ ಲಂಗರು ಸುಮಾರು 16 ಟನ್, ಇಂಗ್ಲೆಂಡಿನ ನೆದರ್ಟನ್‌ನ ಕಾರ್ಖಾನೆಯಿಂದ ಡಡ್ಲಿ ರೈಲು ನಿಲ್ದಾಣಕ್ಕೆ ಅದನ್ನು ಎಳೆಯಲು 20 ಕುದುರೆ ಬೇಕಾದವು. ಆದರೆ ಹಡಗು 52,000 ಟನ್. ಬರೀ ತೂಕದ ಲೆಕ್ಕ ಆಗಿದ್ದರೆ ಆನೆಯನ್ನು ತೆಂಗಿನಕಾಯಿಗೆ ಕಟ್ಟಿದ ಹಾಗೆ.

ನಡೆಯುವುದು ಹೀಗೆ. ಲಂಗರು ತಳ ಮುಟ್ಟಿದ ಮೇಲೆ ಹಡಗು ನಿಧಾನಕ್ಕೆ ಹಿಂದೆ ಸರಿಯುತ್ತಾ ಸರಪಳಿಯನ್ನು ಸಮುದ್ರದ ತಳದ ಮೇಲೆ ಉದ್ದಕ್ಕೆ ಹಾಸುತ್ತದೆ. ಲಂಗರಿನ ಮೇಲೆ ಎಳೆತ ಅಡ್ಡಕ್ಕೆ ಬೀಳುತ್ತದೆ, ಹಲಗೆಗಳು ನೇಗಿಲ ಗುಳದ ಹಾಗೆ ಕೆಸರಿಗೆ ಇಳಿದು ಕಚ್ಚಿಕೊಳ್ಳುತ್ತವೆ. ಎಳೆದಷ್ಟೂ ಗಟ್ಟಿ. ತಳದ ಮೇಲೆ ಮಲಗಿದ ಸರಪಳಿಯ ತೂಕ ಎಳೆತವನ್ನು ಅಡ್ಡಕ್ಕೇ ಇಡುತ್ತದೆ, ಅಲೆ ಬಂದಾಗ ಅದೇ ಸ್ವಲ್ಪ ಎದ್ದು ಮತ್ತೆ ಕೂತು ಜರ್ಕನ್ನೂ ತಿನ್ನುತ್ತದೆ. ಎತ್ತಬೇಕಾದಾಗ ಹಡಗು ಸರಪಳಿ ಸುತ್ತಿಕೊಳ್ಳುತ್ತಾ ಲಂಗರಿನ ನೆತ್ತಿಯ ಮೇಲೆ ಬರುತ್ತದೆ, ಆಗ ಎಳೆತ ನೇರ ಮೇಲಕ್ಕೆ, ಕಿತ್ತು ಬರುತ್ತದೆ. ಗಾಳಿ ಜಾಸ್ತಿಯಾಗಿ, ಕಚ್ಚಿದ್ದು ಬಿಟ್ಟು, ಹಡಗು ಲಂಗರನ್ನೂ ಎಳೆದುಕೊಂಡು ಜಾರಲು ಶುರುವಾದರೆ ಹಿಂದಿಯಲ್ಲಿ "ಲಂಗರ್ ಘಿಸಟ್ ರಹಾ ಹೈ" ಅನ್ನಬಹುದು. ಆಗ ಯಾರಿಗೂ ನಿದ್ದೆ ಇಲ್ಲ.

ಸರಪಳಿ ಎಷ್ಟು ಉದ್ದ ಬಿಡ್ತಾರೆ? ಫ್ಯಾದಮ್, ಶ್ಯಾಕಲ್ ಅಂತೆಲ್ಲ ಬರುತ್ತೆ, ತಲೆ ಕೆಡುತ್ತೆ.

ಫ್ಯಾದಮ್ ಅಂದರೆ 6 ಅಡಿ. ಇದಕ್ಕೆ ಹಿಂದಿ ಹುಡುಕುವ ಮುಂಚೆ ನಮ್ಮ ಅಜ್ಜಿಯನ್ನು ನೆನೆಸಿಕೊಳ್ಳಿ. ಹೂ ಮಾರುವವಳು ಎರಡೂ ಕೈ ಅಗಲಿಸಿ ಅಳೆದು ಕೊಡುವ ಮಾರು ಇದೆಯಲ್ಲ, ಅದೇ. ಇಂಗ್ಲಿಷ್ ಪದದ ಹಳೇ ಅರ್ಥವೂ ಚಾಚಿದ ಎರಡು ತೋಳು. ಮಲ್ಲಿಗೆ ಅಳೆಯುವವಳೂ ಆಳ ಅಳೆಯುವ ನಾವಿಕನೂ ಕೈ ಚಾಚಿದ್ದು ಒಂದೇ ಥರ. ಆಳದ ಲೆಕ್ಕಕ್ಕೆ ಹತ್ತು ಮಾರು ನೀರು ಅಂದರೆ ಕನ್ನಡದಲ್ಲಿ ಏನೂ ತಪ್ಪಿಲ್ಲ.

15 ಫ್ಯಾದಮ್ ಸೇರಿದರೆ ಸರಪಳಿಯ ಒಂದು ಶ್ಯಾಕಲ್, ಅಂದರೆ 90 ಅಡಿ, ಸುಮಾರು 27.5 ಮೀಟರ್. ಸಣ್ಣ ದೋಣಿಗೆ ಹಗ್ಗ ಆದರೆ ಆಳದ ಐದರಿಂದ ಏಳು ಪಟ್ಟು ಬಿಡಿ ಅನ್ನುತ್ತಾರೆ. ಪೂರ್ತಿ ಸರಪಳಿಯಾದರೆ ಅದಕ್ಕಿಂತ ಕಮ್ಮಿ ಸಾಕು, ಸರಪಳಿಗೇ ತೂಕ ಇರುತ್ತದೆ.

ಈ ಶ್ಯಾಕಲ್ ನನ್ನ ಮಾನ ಕಳೆದ ಪದ. ವರ್ಷಗಳ ಹಿಂದೆ ಒಂದು ಸಂಸ್ಥೆಗೆ ಹಡಗಿನ ಕೈಪಿಡಿಯ ಕೆಲವು ಪುಟ ಹಿಂದಿಗೆ ಮಾಡಿಕೊಟ್ಟೆ. ನೀರಿನಲ್ಲಿ ಐದು ಶ್ಯಾಕಲ್ ಅಂತ ಇತ್ತು. ನಿಘಂಟು ನೋಡಿದೆ, ಬೇಡಿ ಅಂತ ಇತ್ತು, ಖುಷಿಯಾಗಿ ಪಾನಿ ಮೇಂ ಪಾಂಚ್ ಬೇಡಿಯಾಂ ಅಂತ ಬರೆದು ಕಳಿಸಿದೆ. ಓದಿದ ನಿವೃತ್ತ ಕ್ಯಾಪ್ಟನ್ ಒಬ್ಬರು ಫೋನ್ ಮಾಡಿ, "ಐದು ಜನ ಕೈದಿಗಳನ್ನ ಯಾಕ್ರೀ ಮುಳುಗಿಸಿದ್ದೀರಿ?" ಅಂದರು. ಅಲ್ಲಿಂದ ಹಡಗಿನ ಪದಕ್ಕೆ ನಿಘಂಟು ನೋಡುವ ಮುಂಚೆ ಹಡಗಿನವರನ್ನು ಕೇಳುತ್ತೇನೆ. ಶ್ಯಾಕಲ್ ಶ್ಯಾಕಲ್ಲೇ, ಹಿಂದಿಯಲ್ಲೂ.

ಪಣಂಬೂರು ಬೀಚಲ್ಲಿ ನಿಂತ್ರೆ ದೂರದ ಹಡಗುಗಳೆಲ್ಲ ಒಂದೇ ಕಡೆ ಮುಖ ಮಾಡಿರ್ತವೆ, ಯಾರಾದ್ರೂ ಹೇಳಿರ್ತಾರಾ?

ಗಾಳಿ ಹೇಳಿರುತ್ತದೆ, ಇಲ್ಲವೇ ನೀರಿನ ಸೆಳೆತ. ಲಂಗರು ಕಟ್ಟಿರುವುದು ಮೂತಿಯ ಕಡೆ, ಹಾಗಾಗಿ ಹಡಗು ಹಗ್ಗ ಕಟ್ಟಿದ ಆಡಿನ ಹಾಗೆ ಆ ಬಿಂದುವಿನ ಸುತ್ತ ತಿರುಗುತ್ತದೆ ಮತ್ತು ಗಾಳಿ ಅಥವಾ ಸೆಳೆತ ಬರುವ ಕಡೆಗೆ ಮೂತಿ ಮಾಡುತ್ತದೆ. ಸಂಜೆ ಒಂದು ಕಡೆ ನೋಡುತ್ತಿದ್ದವು ಬೆಳಿಗ್ಗೆ ಇನ್ನೊಂದು ಕಡೆ ನೋಡುತ್ತಿದ್ದರೆ ಗಾಬರಿ ಬೇಡ. ಅದಕ್ಕೇ ಒಂದಕ್ಕೊಂದು ತಾಗದಂತೆ ಅಷ್ಟು ದೂರ ದೂರ ನಿಲ್ಲುವುದು.

ಕತ್ತಲಾದ ಮೇಲೂ ನೋಡಿ. 1972ರ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಲಂಗರು ಹಾಕಿದ ಹಡಗು ಸುತ್ತಲೂ ಕಾಣುವ ಬಿಳಿ ದೀಪ ಹಚ್ಚಬೇಕು. 50 ಮೀಟರಿಗಿಂತ ಚಿಕ್ಕದಾದರೆ ಒಂದೇ ಸಾಕು, ದೊಡ್ಡದಾದರೆ ಮುಂದೆ ಒಂದು, ಹಿಂದೆ ಅದಕ್ಕಿಂತ ಕೆಳಗೆ ಇನ್ನೊಂದು. 100 ಮೀಟರ್ ಮತ್ತು ಅದಕ್ಕಿಂತ ಉದ್ದದ ಹಡಗು ಡೆಕ್ಕಿನ ದೀಪಗಳನ್ನೂ ಹಚ್ಚಬೇಕು. ಕಡಲ ನಡುವೆ ಜಾತ್ರೆ ನಡೆದಂತೆ ಕಾಣುವುದು ಅದರಿಂದಲೇ. ಹಗಲು ಮುಂದಿನ ಭಾಗದಲ್ಲಿ ಒಂದು ಕಪ್ಪು ಚೆಂಡು ತೂಗುಹಾಕಿರುತ್ತಾರೆ, ದುರ್ಬೀನು ಇದ್ದರೆ ಕಾಣುತ್ತದೆ.

ದಕ್ಕೆಗೆ ಕಟ್ಟಿದ ಬೋಟ್‌ಗೂ ಲಂಗರು ಹಾಕಿದೆ ಅನ್ನಬಹುದಾ?

ಪೇಪರಿನವರು ಅನ್ನುತ್ತಾರೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಬಂದಾಗ ಬೋಟುಗಳು ಲಂಗರು ಹಾಕಿವೆ ಅಂತಲೇ ಬರೆಯುವುದು. ಲೋಕರೂಢಿ, ಬಿಡಿ. ಆದರೆ ಹಡಗಿನ ಕಾಗದದಲ್ಲಿ ಎರಡೂ ಬೇರೆ. ದಡಕ್ಕೆ ಹಗ್ಗದಿಂದ ಕಟ್ಟುವುದು ಮೂರಿಂಗ್, ಲಂಗರು ಅದಕ್ಕೆ ಬೇಕಿಲ್ಲ. ಇನ್ನೊಂದು ತಮಾಷೆ ಇದೆ. ಲಂಗರೂ ಹಾಕದೆ, ದಡಕ್ಕೂ ಕಟ್ಟದೆ, ನೆಲಕ್ಕೂ ತಾಗದೆ ಇದ್ದರೆ, ಎಂಜಿನ್ ಬಂದ್ ಮಾಡಿ ಸುಮ್ನೆ ತೇಲುತ್ತಿದ್ದರೂ, ನಿಯಮದ ಲೆಕ್ಕದಲ್ಲಿ ಆ ಹಡಗು ಪ್ರಯಾಣದಲ್ಲಿದೆ.

## ಬೇರು ಹುಡುಕುವವರಿಗೆ

ಆ್ಯಂಕರ್ ಸಂಸ್ಕೃತದಿಂದ ಹೋದದ್ದು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ನಿಜಾನಾ?

ಹೋದದ್ದಲ್ಲ, ನೆಂಟಸ್ತಿಕೆ ಇದೆ. ಇಂಗ್ಲಿಷಿಗೆ ಲ್ಯಾಟಿನ್‌ನಿಂದ, ಲ್ಯಾಟಿನ್‌ಗೆ ಗ್ರೀಕಿನ ಆಂಕುರಾದಿಂದ ಬಂತು. ಅದರ ಬೇರಿನ ಅರ್ಥ ಬಾಗು. ಅದೇ ಬೇರಿನಿಂದ ಸಂಸ್ಕೃತದಲ್ಲಿ ಬಂದದ್ದು ಕೊಕ್ಕೆ ಅನ್ನುವ ಅರ್ಥದ ಅಂಕ, ಮತ್ತು ಮಾವುತನ ಕೈಯ ಅಂಕುಶ. ಅಂದರೆ ಅಂಕುಶ ಮತ್ತು ಆ್ಯಂಕರ್ ದಾಯಾದಿಗಳು, ತಂದೆ ಮಗ ಅಲ್ಲ. ಟರ್ಕಿಯ ರಾಜಧಾನಿ ಅಂಕಾರಾ ಹೆಸರೂ ಇದೇ ಗ್ರೀಕ್ ಪದಕ್ಕೆ ಸೇರಿದ್ದು, ಆ ಊರಿನ ಹಳೇ ನಾಣ್ಯಗಳ ಮೇಲೆ ಲಂಗರು ಇದೆ, ಸಮುದ್ರ ಮಾತ್ರ ಹತ್ತಿರದಲ್ಲಿಲ್ಲ! ನಮ್ಮ ಅಂಕುಡೊಂಕು ನೆನಪಾಗುತ್ತದೆ ನಿಜ, ಬರೀ ಸದ್ದಿನ ಹೋಲಿಕೆ ನೋಡಿ ನೆಂಟಸ್ತಿಕೆ ಕಟ್ಟಲು ನಾನು ಹೋಗುವುದಿಲ್ಲ.

ಬೇರೆ ಭಾಷೆಗಳಲ್ಲೂ ಲಂಗರೇನಾ?

ಎರಡು ಗುಂಪು. ಲ ಹೇಳುವವರು ಹಿಂದಿ, ಗುಜರಾತಿ, ತೆಲುಗು, ಕನ್ನಡ. ನ ಹೇಳುವವರು ತಮಿಳರು ಮತ್ತು ಮಲಯಾಳಿಗಳು, ಅವರಿಗೆ ಅದು ನಂಗೂರಂ. ಬಂಗಾಳಿಗಳಿಗೆ ನೋಂಗರ್. ಮರಾಠಿಯಲ್ಲಿ ನಾಂಗರ್, ಅಲ್ಲಿ ಅದೇ ಪದಕ್ಕೆ ನೇಗಿಲು ಅಂತಲೂ ಅರ್ಥ. ನೆಲ ಸೀಳುವುದೂ ಅದೇ, ಕಡಲ ತಳ ಸೀಳುವುದೂ ಅದೇ. ಸಂಸ್ಕೃತದಲ್ಲಿ ನೇಗಿಲಿಗೆ ಲಾಂಗಲ ಅಂತಾರೆ, ಅದಕ್ಕೂ ಲಂಗರಿಗೂ ನಂಟು ಇದೆ ಅನ್ನುವ ವಾದ ಇದೆ. ಸರಪಳಿ ಎಳೆದಾಗ ಹಲಗೆ ಕೆಸರಿಗೆ ಇಳಿಯುವ ರೀತಿ ನೋಡಿದವರಿಗೆ ಒಪ್ಪಿಕೊಳ್ಳುವ ಆಸೆಯಂತೂ ಆಗುತ್ತದೆ.

ಕಬ್ಬಿಣದ್ದು ಬರೋಕೆ ಮುಂಚೆ ಏನಿತ್ತು?

ಕಲ್ಲು. ತೂತು ಕೊರೆದ ಕಲ್ಲು. ಗುಜರಾತಿನ ದ್ವಾರಕೆ, ಬೇಟ್ ದ್ವಾರಕೆಯ ಸಮುದ್ರದಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಇಂಥ ಬೇಕಾದಷ್ಟು ಕಲ್ಲು ಲಂಗರುಗಳನ್ನು ಹುಡುಕಿದ್ದಾರೆ. ಕೆಲವು ತ್ರಿಕೋನ, ಮೂರು ತೂತಿನವು. ಮೇಲಿನ ತೂತಿಗೆ ಹಗ್ಗ, ಕೆಳಗಿನ ಎರಡಕ್ಕೆ ಮರದ ಗೂಟ, ಆ ಗೂಟಗಳೇ ಮರಳು ಕಚ್ಚುವ ಹಲ್ಲು. ಇನ್ನು ಕೆಲವು ಬಳೆಯಾಕಾರದವು.

"ಶೀ ಈಸ್ ಮೈ ಆ್ಯಂಕರ್" ಅಂತ ಹೆಂಡತಿ ಬಗ್ಗೆ ಬರೆದಿದ್ದೀನಿ. ಹಿಂದಿ, ಕನ್ನಡ ಎರಡರಲ್ಲೂ ಬೇಕು, ಮದುವೆ ವಾರ್ಷಿಕೋತ್ಸವದ ಕಾರ್ಡಿಗೆ.

ಹಿಂದಿಗೆ ಸಹಾರಾ, ಕನ್ನಡಕ್ಕೆ ಆಸರೆ. "ವಹ್ ಮೇರಾ ಲಂಗರ್ ಹೈ" ಅಂತ ಬರೆದರೆ ಅರ್ಥ ಕೆಡುತ್ತದೆ, ಮೇಲೆ ಹೇಳಿದ ತುಡುಗು ದನದ ಕೊರಡು ನೆನಪಿದೆಯಲ್ಲ. ಕನ್ನಡದಲ್ಲಿ "ನೀನೇ ನನ್ನ ಲಂಗರು" ಕವಿತೆಯಲ್ಲಾದರೆ ನಡೆಯಬಹುದು. ಕಾರ್ಡಿಗೆ ಬೇಡ, ನನ್ನ ಮಾತು ಕೇಳಿ.